ಕಾಸರಗೋಡಿನ ಊರುಗಳ ಹೆಸರು ನಕ್ಷೆಯಲ್ಲಿ ಕನ್ನಡದಲ್ಲಿ ಯಾಕೆ ಕಾಣೋದಿಲ್ಲ?

ಓದುಗರ ಪ್ರಶ್ನೆ: ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೋ ಆನ್‌ಲೈನ್ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು ಅಂತಾರೆ. ಹಾಗಾದ್ರೆ ಕುಂಬಳೆ, ಬದಿಯಡ್ಕ, ಪೆರ್ಲ ಇವೆಲ್ಲ ಕನ್ನಡದಲ್ಲಿ ಯಾಕೆ ಕಾಣೋದಿಲ್ಲ? ನಾವು ಸೇರಿಸಿದರೆ ಮಲಯಾಳಂ ಹೆಸರು ಅಳಿಸಿ ಹೋಗುತ್ತಾ?

ಇಲ್ಲ, ಅಳಿಸಿ ಹೋಗುವುದಿಲ್ಲ. ಗಡಿಯಲ್ಲಿ ಊರಿನ ಹೆಸರು ಎತ್ತಿದರೆ ಸಾಕು, ಚರ್ಚೆ ಬಿಸಿಯಾಗುತ್ತದೆ. ಅದಕ್ಕೇ ಇದನ್ನು ಮೊದಲು ಹೇಳಿದೆ. ಈ ನಕ್ಷೆಯಲ್ಲಿ ಒಂದೊಂದು ಭಾಷೆಯ ಹೆಸರಿಗೂ ಬೇರೆ ಬೇರೆ ಖಾನೆ ಇದೆ. ಕನ್ನಡಕ್ಕೊಂದು, ಮಲಯಾಳಕ್ಕೊಂದು, ಬೇಕಾದರೆ ತುಳುವಿಗೂ ಒಂದು.

ಕನ್ನಡ ಕಾಣದಿರಲು ಕೆಲವು ಕಡೆ ಕಾರಣ ಸರಳ: ಆ ಖಾನೆ ಖಾಲಿ. ಆದರೆ ತುಂಬಿದ್ದರೂ ಕಾಣದಿರುವುದುಂಟು. ವೆಬ್‌ಸೈಟಿನ ಮಾಮೂಲಿ ನಕ್ಷೆ ಚಿಕ್ಕ ಚಿಕ್ಕ ಚೌಕ ಚಿತ್ರಗಳ ಜೋಡಣೆ. ಹೆಸರನ್ನೂ ಸರ್ವರ್‌ನಲ್ಲೇ ಚಿತ್ರದ ಮೇಲೆ ಬರೆದು ಕಳಿಸುತ್ತಾರೆ. ಅಲ್ಲಿ ಬರುವುದು ಮುಖ್ಯ ಹೆಸರು ಮಾತ್ರ. ಭಾರತದಲ್ಲಿ ಆ ಖಾನೆಯಲ್ಲಿ ಹೆಚ್ಚಾಗಿ ಇಂಗ್ಲಿಷೇ ಇರುತ್ತದೆ. ನಿಮ್ಮ ಫೋನಿನ ಭಾಷೆ ಯಾವುದೇ ಇರಲಿ, ಚಿತ್ರ ಬದಲಾಗದು.

ಇದನ್ನು ಬದಲಿಸುವ ದಾರಿ ವೆಕ್ಟರ್ ಟೈಲ್. ಸ್ಟೀವ್ ಕೋಸ್ಟ್ 2004ರಲ್ಲಿ ಶುರು ಮಾಡಿದ ಈ ನಕ್ಷೆಯ ಬಳಗಕ್ಕೆ 'ಸ್ಟೇಟ್ ಆಫ್ ದ ಮ್ಯಾಪ್' ಎಂಬ ಸಮ್ಮೇಳನವಿದೆ. ಅಲ್ಲಿ ಮತ್ತೆ ಮತ್ತೆ ಮಾತಿಗೆ ಬಂದ ವಿಷಯಗಳಲ್ಲಿ ಇದೂ ಒಂದು. ವೆಕ್ಟರ್ ಟೈಲ್‌ನಲ್ಲಿ ಸರ್ವರ್ ಚಿತ್ರ ಕಳಿಸುವುದಿಲ್ಲ, ರಸ್ತೆ, ಹೊಳೆ, ಹೆಸರುಗಳ ಮಾಹಿತಿ ಕಳಿಸುತ್ತದೆ. ನಕ್ಷೆ ಬಿಡಿಸುವುದು ನಿಮ್ಮ ಫೋನು. ಹಾಗಾಗಿ ಒಂದೇ ಊರು ನನಗೆ ಕನ್ನಡದಲ್ಲಿ, ಪಕ್ಕದ ಮನೆಯವರಿಗೆ ಮಲಯಾಳದಲ್ಲಿ ಕಾಣಬಹುದು. ಗಡಿನಾಡಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಾ?

ಆದರೆ ತೊಡಕು ಇರುವುದು ನಮ್ಮ ಒತ್ತಕ್ಷರದಲ್ಲಿ. ಇಂಥ ನಕ್ಷೆ ಬಿಡಿಸಲು ಜಾಸ್ತಿ ಬಳಕೆಯಲ್ಲಿರುವ ಮ್ಯಾಪ್‌ಲಿಬ್ರೆ ತಂತ್ರಾಂಶವನ್ನು ಒಂದೊಂದು ಯೂನಿಕೋಡ್ ಸಂಕೇತಕ್ಕೆ (ಕಂಪ್ಯೂಟರಿನಲ್ಲಿ ಅಕ್ಷರಕ್ಕೆ ಕೊಟ್ಟ ಸಂಖ್ಯೆಗೆ) ಒಂದೊಂದು ಅಚ್ಚು ಎಂಬ ಲೆಕ್ಕದಲ್ಲಿ ಕಟ್ಟಿದ್ದರು. ಇಂಗ್ಲಿಷಿಗೆ ಅದು ಸಾಕು. ಆದರೆ 'ಮಂಜೇಶ್ವರ' ಎಂದು ಬರೆಯುವಾಗ 'ಶ'ದ ಕೆಳಗೆ ಕೂರಬೇಕಾದ 'ವ' ಪಕ್ಕಕ್ಕೆ ಹೋಗಿ ನಿಲ್ಲುತ್ತದೆ. ದೇವನಾಗರಿಗೂ ಇದೇ ಪಾಡು. ಸರಿಪಡಿಸುವ ಕೆಲಸ ಸಾಗಿದೆ. ನನ್ನ ಪ್ರಕಾರ ಹೊಸ ಬಣ್ಣ, ಮೂರು ಆಯಾಮದ ಕಟ್ಟಡಗಳಿಗಿಂತ ನಮಗೆ ಇದೇ ದೊಡ್ಡ ಸುದ್ದಿ.

ಅಲ್ಲಿವರೆಗೆ ಸುಮ್ನೆ ಕಾಯಬೇಕಿಲ್ಲ. ಖಾತೆ ತೆರೆದು, ಎಡಿಟ್ ಒತ್ತಿ, ಊರಿನ ಚುಕ್ಕಿ ಆರಿಸಿ. ಹೆಸರಿನ ಪಕ್ಕದ ಕೂಡುವ ಗುರುತು ಒತ್ತಿದರೆ ಭಾಷೆ ಕೇಳುತ್ತದೆ. ಮುಖ್ಯ ಹೆಸರನ್ನು ಮುಟ್ಟಬೇಡಿ. ಹೊಸದುರ್ಗ, ಕಾಞಂಗಾಡಿನಂಥ ಜೋಡಿ ಹೆಸರು ಎದುರಾದರೆ ಪರ್ಯಾಯ ಹೆಸರಿನ ಖಾನೆಯೂ ಇದೆ. ಗೂಗಲ್ ನಕ್ಷೆ ನೋಡಿ ನಕಲು ಮಾಡುವ ಹಾಗಿಲ್ಲ, ಪರವಾನಗಿ ಒಪ್ಪುವುದಿಲ್ಲ. ಅಂಗಡಿ ಬೋರ್ಡು, ಶಾಲೆಯ ಫಲಕ, ನಿಮ್ಮದೇ ತಿಳಿವಳಿಕೆ ನಡೆಯುತ್ತದೆ.

ಚಿತ್ರದಲ್ಲಿ ಕಾಣದಿದ್ದರೂ ಒಂದು ಲಾಭ ಬೇಗನೇ ಸಿಗುತ್ತದೆ. ಹೆಸರು ಸೇರಿಸಿದ ಬಳಿಕ ಹುಡುಕುವ ಜಾಗದಲ್ಲಿ ಕನ್ನಡದಲ್ಲೇ ಟೈಪ್ ಮಾಡಿ, ಊರು ಸಿಗುತ್ತದೆ.