ಲಿಫ್ಟ್ ಮಾಡಿದ ಗಾಡಿಯ ನಡುಕ: ಪ್ರೊಪೆಲ್ಲರ್ ಶಾಫ್ಟ್ ಕೋನಗಳ ಲೆಕ್ಕ

ಆಫ್-ರೋಡ್ ಗಾಡಿಗೆ ಲಿಫ್ಟ್ ಕಿಟ್ (ಗಾಡಿಯನ್ನು ಎತ್ತರಿಸುವ ಬಿಡಿಭಾಗಗಳು) ಹಾಕಿದ ಮೇಲೆ ನಡುಕ ಶುರುವಾದರೆ ಎಲ್ಲರೂ ಹೇಳುವುದು ಒಂದೇ: ಪಿನಿಯನ್ ಆಂಗಲ್ ಸರಿ ಮಾಡಿಸಿ. ಪ್ರೊಪೆಲ್ಲರ್ ಶಾಫ್ಟ್ ಅಂದರೆ ಟ್ರಾನ್ಸ್‌ಫರ್ ಕೇಸ್‌ನಿಂದ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚುವ ಪೆಟ್ಟಿಗೆ) ಆಕ್ಸಲ್‌ಗೆ ಶಕ್ತಿ ಒಯ್ಯುವ ಕೊಳವೆ; ಪಿನಿಯನ್ ಅಂದರೆ ಅದು ಬಂದು ಸೇರುವ, ಡಿಫರೆನ್ಷಿಯಲ್‌ನಿಂದ ಹೊರಚಾಚಿದ ಮೂತಿ. ಮಾತು ತಪ್ಪಲ್ಲ, ಆದರೆ ಅರ್ಧ ಮಾತ್ರ. ಪಿನಿಯನ್ ಎಷ್ಟು ಎತ್ತಬೇಕು, ಯಾವುದಕ್ಕೆ ಹೊಂದಿಸಬೇಕು ಅನ್ನುವುದು ಗಾಡಿಯಲ್ಲಿ ಯಾವ ಬಗೆಯ ಶಾಫ್ಟ್ ಇದೆ ಎಂಬುದರ ಮೇಲೆ ನಿಂತಿದೆ. ಒಂದು ಬಗೆಗೆ ಸರಿಯಾದ ಕೋನ ಇನ್ನೊಂದು ಬಗೆಗೆ ಪೂರ್ತಿ ತಪ್ಪು. ಇದು ಗೊತ್ತಿಲ್ಲದೆ ಶಿಮ್ (ಕೋನ ಬದಲಿಸಲು ಇಡುವ ಓರೆ ಲೋಹದ ತುಂಡು) ತಂದು ಹಾಕಿದರೆ ನಡುಕ ಜಾಸ್ತಿಯೂ ಆಗಬಹುದು.

ಒಂದು ಕ್ರಾಸ್ ಏನು ಮಾಡುತ್ತದೆ

ಯು-ಜಾಯಿಂಟ್, ಅಂದರೆ ಗ್ಯಾರೇಜಿನಲ್ಲಿ ಕ್ರಾಸ್ ಅನ್ನುವ, ಶಾಫ್ಟ್ ತುದಿಯ ಬಾಗುವ ಕೀಲು, ಕೋನದಲ್ಲಿ ತಿರುಗುವಾಗ ವೇಗವನ್ನು ಒಂದೇ ಸಮನಾಗಿ ದಾಟಿಸುವುದಿಲ್ಲ. ಒಂದು ಕಡೆಯ ಶಾಫ್ಟ್ ಒಂದೇ ವೇಗದಲ್ಲಿ ತಿರುಗುತ್ತಿದ್ದರೂ ಇನ್ನೊಂದು ಕಡೆಯದು ಪ್ರತಿ ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚಿಸಿಕೊಳ್ಳುತ್ತದೆ, ಎರಡು ಸಲ ಕಡಿಮೆ ಮಾಡಿಕೊಳ್ಳುತ್ತದೆ. ರಾಬರ್ಟ್ ಹುಕ್ 17ನೇ ಶತಮಾನದಲ್ಲೇ ಇದನ್ನು ಗಮನಿಸಿದ್ದ.

ಲೆಕ್ಕ ಸುಲಭ. ಕೋನದ ಕೊಸೈನ್ ತೆಗೆದುಕೊಳ್ಳಿ. ಕನಿಷ್ಠ ವೇಗ ಬೇಕಾದರೆ ಅದರಿಂದ ಗುಣಿಸಿ, ಗರಿಷ್ಠ ವೇಗ ಬೇಕಾದರೆ ಅದರಿಂದ ಭಾಗಿಸಿ. 5 ಡಿಗ್ರಿಯಲ್ಲಿ ಏರಿಳಿತ ಶೇ. 0.4ರಷ್ಟು, ಗೊತ್ತೇ ಆಗುವುದಿಲ್ಲ. 10 ಡಿಗ್ರಿಯಲ್ಲಿ ಶೇ. 1.5. 20 ಡಿಗ್ರಿಗೆ ಹೋದರೆ ಶೇ. 6ರ ಸುತ್ತಮುತ್ತ. ಕೋನ ಎರಡರಷ್ಟಾದಾಗ ಏರಿಳಿತ ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ. ಲಿಫ್ಟ್ ಇನ್ನು ಸ್ವಲ್ಪ ಜಾಸ್ತಿ ಮಾಡಿದಾಗ ನಡುಕ ಥಟ್ಟನೆ ಸಹಿಸಲಾಗದಷ್ಟು ಏರುವುದಕ್ಕೆ ಇದೇ ಕಾರಣ.

ಲಿಫ್ಟ್ ಎಷ್ಟು ಕೋನ ಕೂಡಿಸುತ್ತದೆ? ಶಾಫ್ಟಿನ ಉದ್ದ ನೋಡಿ. 900 ಮಿ.ಮೀ. ಉದ್ದದ ಶಾಫ್ಟ್ 100 ಮಿ.ಮೀ. ಇಳಿದಿದ್ದರೆ ಅದರ ಇಳಿಜಾರು 6.4 ಡಿಗ್ರಿ. ಗಾಡಿಯನ್ನು 75 ಮಿ.ಮೀ. ಎತ್ತಿದರೆ 11.2 ಆಗುತ್ತದೆ. ಅದೇ ಶಾಫ್ಟ್ 600 ಮಿ.ಮೀ. ಇದ್ದರೆ 9.6ರಿಂದ ಸೀದಾ 17 ಡಿಗ್ರಿಗೆ ಹಾರುತ್ತದೆ. ಚಿಕ್ಕ ವೀಲ್‌ಬೇಸ್ ಗಾಡಿಗಳ ಹಿಂದಿನ ಶಾಫ್ಟ್ ಯಾಕೆ ಅಷ್ಟು ಕಾಟ ಕೊಡುತ್ತದೆ ಅನ್ನುವುದು ಇಷ್ಟರಲ್ಲೇ ಗೊತ್ತಾಗುತ್ತದೆ, ಅಲ್ವಾ? ಜೀಪ್ ವ್ರ್ಯಾಂಗ್ಲರ್ ಟಿಜೆ ಇದಕ್ಕೆ ಒಳ್ಳೆಯ ಉದಾಹರಣೆ.

ಎರಡು ಕ್ರಾಸ್ ಇರುವ ಸಾಮಾನ್ಯ ಶಾಫ್ಟ್

ಎರಡು ತುದಿಗೂ ಒಂದೊಂದು ಕ್ರಾಸ್. ಮೊದಲನೆಯದು ಹುಟ್ಟಿಸಿದ ಏರಿಳಿತವನ್ನು ಎರಡನೆಯದು ಅಳಿಸಬೇಕು. ಅದಕ್ಕೆ ಎರಡು ಷರತ್ತು. ಎರಡೂ ಜಾಯಿಂಟ್‌ಗಳ ಕೋನ ಸಮ ಇರಬೇಕು. ಶಾಫ್ಟಿನ ಎರಡೂ ತುದಿಯ ಯೋಕ್‌ಗಳು (ಕ್ರಾಸನ್ನು ಹಿಡಿದಿರುವ ಕವಲುಗಳು) ಒಂದೇ ಸಾಲಿನಲ್ಲಿ ಇರಬೇಕು, ಅಂದರೆ ಫೇಸ್‌ನಲ್ಲಿ ಇರಬೇಕು.

ಇಲ್ಲಿ ಜಾಯಿಂಟಿನ ಕೋನ ಅಂದರೆ ನೆಲಕ್ಕೆ ಹೋಲಿಸಿದ ಇಳಿಜಾರು ಅಲ್ಲ. ಅಕ್ಕಪಕ್ಕದ ಎರಡು ಭಾಗಗಳ ನಡುವಿನ ವ್ಯತ್ಯಾಸ. ಟ್ರಾನ್ಸ್‌ಫರ್ ಕೇಸ್ ಔಟ್‌ಪುಟ್ ಹಿಂದಕ್ಕೆ 3 ಡಿಗ್ರಿ ಇಳಿದಿದೆ, ಶಾಫ್ಟ್ 11 ಡಿಗ್ರಿ ಇಳಿದಿದೆ ಅಂದರೆ ಮೇಲಿನ ಜಾಯಿಂಟಿನ ಕೋನ 8. ಕೆಳಗೂ 8 ಬರಬೇಕಾದರೆ ಪಿನಿಯನ್ ಕೂಡ ಅದೇ ಇಳಿಜಾರಿನಲ್ಲಿ 3 ಡಿಗ್ರಿ ಇರಬೇಕು, ಅಂದರೆ ಅದರ ಮೂತಿ ಮುಂದಕ್ಕೆ 3 ಡಿಗ್ರಿ ಮೇಲೆ ನೋಡಬೇಕು. ಆಗ ಔಟ್‌ಪುಟ್ ಮತ್ತು ಪಿನಿಯನ್ ಸಮಾನಾಂತರ ಆಗುತ್ತವೆ. ಎರಡೂ ಜಾಯಿಂಟ್‌ಗಳ ಕೋನದ ನಡುವೆ 1 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಿಡಬೇಡಿ. ಹಾಗಂತ ಕೋನ ಸೊನ್ನೆ ಮಾಡಲೂ ಬಾರದು. ಕನಿಷ್ಠ ಅರ್ಧ ಡಿಗ್ರಿಯಾದರೂ ಇರಬೇಕು. ಇಲ್ಲದಿದ್ದರೆ ಕ್ರಾಸ್ ಒಳಗಿನ ನೀಡಲ್ ಬೇರಿಂಗ್‌ಗಳು ತಿರುಗದೆ ಒಂದೇ ಜಾಗದಲ್ಲಿ ಒತ್ತಿ ಗುರುತು ಮೂಡಿಸುತ್ತವೆ.

ಈಗ ಹೆಚ್ಚಿನವರು ಬಿಟ್ಟುಬಿಡುವ ವಿಷಯ. ಎರಡೂ ಕೋನ ಸಮ ಇದ್ದರೆ ಪಿನಿಯನ್‌ಗೆ ಹೋಗುವ ವೇಗ ಸಮನಾಗುತ್ತದೆ, ನಿಜ. ಆದರೆ ನಡುವಿನ ಶಾಫ್ಟ್? ಅದು ಪ್ರತಿ ಸುತ್ತಿನಲ್ಲೂ ಎರಡು ಸಲ ವೇಗ ಏರಿಸುತ್ತಾ ಇಳಿಸುತ್ತಾ ಇರುತ್ತದೆ. ಅದಕ್ಕೂ ತೂಕ ಇದೆ. ಆ ತೂಕವನ್ನು ಹಾಗೆ ಎಳೆದಾಡಿಸುವ ಬಲ ಟ್ರಾನ್ಸ್‌ಫರ್ ಕೇಸ್ ಮತ್ತು ಡಿಫರೆನ್ಷಿಯಲ್ ಮೇಲೆ ಬೀಳುತ್ತದೆ. ಆದ್ದರಿಂದ ಸಮ ಇದ್ದರೂ ದೊಡ್ಡ ಕೋನ ನಡುಗುತ್ತದೆ, ವೇಗ ಹೆಚ್ಚಿದಷ್ಟೂ ಇನ್ನೂ ಜಾಸ್ತಿ. ಶಾಫ್ಟ್ ತಯಾರಿಸುವ ಸ್ಪೈಸರ್ ಪಟ್ಟಿ ಇದಕ್ಕೇ ವೇಗಕ್ಕೆ ತಕ್ಕ ಮಿತಿ ಕೊಡುತ್ತದೆ: ಶಾಫ್ಟ್ ನಿಮಿಷಕ್ಕೆ 5000 ಸುತ್ತು ತಿರುಗಿದರೆ 3.25 ಡಿಗ್ರಿ, 3500 ಸುತ್ತಿಗೆ 5 ಡಿಗ್ರಿ, 2500ಕ್ಕೆ 7, 1500ಕ್ಕೆ 11.5 ಡಿಗ್ರಿ. ಮೇಲಿನ ಉದಾಹರಣೆಯ 8 ಡಿಗ್ರಿ ಕಾಡಿನ ದಾರಿಯಲ್ಲಿ ಸುಮ್ಮನೆ ನಡೆದುಬಿಡುತ್ತದೆ. ಹೆದ್ದಾರಿಯಲ್ಲಿ ನಡೆಯುವುದಿಲ್ಲ.

ಡಬಲ್ ಕಾರ್ಡನ್ ಶಾಫ್ಟ್: ನಿಯಮವೇ ಬೇರೆ

ಇದರಲ್ಲಿ ಟ್ರಾನ್ಸ್‌ಫರ್ ಕೇಸ್ ಕಡೆ ಎರಡು ಕ್ರಾಸ್ ಒಟ್ಟಿಗೆ ಇರುತ್ತವೆ, ನಡುವೆ ಒಂದು ಸೆಂಟರಿಂಗ್ ಬಾಲ್. ಆ ಬಾಲ್ ಒಟ್ಟು ಕೋನವನ್ನು ಎರಡು ಕ್ರಾಸ್‌ಗೂ ಅರ್ಧರ್ಧ ಹಂಚುತ್ತದೆ. 16 ಡಿಗ್ರಿ ಇದ್ದರೆ ತಲಾ 8. ಏರಿಳಿತ ಆ ಜೋಡಿಯ ಒಳಗೇ ಅಳಿದುಹೋಗುತ್ತದೆ. ಉದ್ದದ ಶಾಫ್ಟ್ ಸಮ ವೇಗದಲ್ಲೇ ತಿರುಗುತ್ತದೆ.

ಹಾಗಾದರೆ ಪಿನಿಯನ್ ಕಡೆಯ ಒಂಟಿ ಕ್ರಾಸ್? ಅದು ಹುಟ್ಟಿಸುವ ಏರಿಳಿತವನ್ನು ಅಳಿಸಲು ಇನ್ನು ಯಾರೂ ಇಲ್ಲ. ಆದ್ದರಿಂದ ಅಲ್ಲಿ ಕೋನ ಸೊನ್ನೆಗೆ ಹತ್ತಿರ ಇರಲೇಬೇಕು. ಪಿನಿಯನ್ ಸೀದಾ ಶಾಫ್ಟಿನ ಕಡೆಗೆ ಮುಖ ಮಾಡಬೇಕು. ಡಬಲ್ ಕಾರ್ಡನ್ ಹಾಕಿಸಿಕೊಂಡು ಪಿನಿಯನ್ನನ್ನು ಔಟ್‌ಪುಟ್‌ಗೆ ಸಮಾನಾಂತರ ಇಟ್ಟರೆ ದುಡ್ಡು ಖರ್ಚು ಮಾಡಿಯೂ ನಡುಕ ಉಳಿಯುತ್ತದೆ. ಈ ವಿಷಯದಲ್ಲಿ ಇದಕ್ಕಿಂತ ದೊಡ್ಡ ಗೊಂದಲ ಇನ್ನೊಂದಿಲ್ಲ.

ಹಿಂದಿನ ಆಕ್ಸಲ್‌ನಲ್ಲಿ ಒಂದು ಸಣ್ಣ ತಿದ್ದುಪಡಿ ಇದೆ. ಎಂಜಿನ್ ಎಳೆಯುವಾಗ ಆಕ್ಸಲ್ ತಿರುಚಿಕೊಂಡು ಪಿನಿಯನ್ ಮೂತಿ ಮೇಲೇಳುತ್ತದೆ. ಅದಕ್ಕೆ ನಿಂತಿರುವಾಗ 1ರಿಂದ 2 ಡಿಗ್ರಿ ಕೆಳಗೆ ಇಟ್ಟಿರಬೇಕು. ಲೀಫ್ ಸ್ಪ್ರಿಂಗ್ ಬಾಗುವುದರಿಂದ ಅಲ್ಲಿ 2ರ ಹತ್ತಿರ, ಗಟ್ಟಿ ಕಂಟ್ರೋಲ್ ಆರ್ಮ್ (ಆಕ್ಸಲನ್ನು ಚಾಸಿಗೆ ಹಿಡಿದಿಡುವ ಕಂಬಿ) ಇದ್ದರೆ 1 ಸಾಕು.

ಅಳತೆ

ಡಿಜಿಟಲ್ ಆಂಗಲ್ ಗೇಜ್ ಒಂದಿದ್ದರೆ ಸಾಕು. ಗಾಡಿ ಸಮತಟ್ಟು ನೆಲದ ಮೇಲೆ, ಚಕ್ರಗಳ ಮೇಲೆಯೇ, ಎಂದಿನ ಭಾರ ಹೊತ್ತು ನಿಂತಿರಬೇಕು. ಚಾಸಿಗೆ ಜಾಕ್ ಕೊಟ್ಟು ಎತ್ತಿದರೆ ಆಕ್ಸಲ್ ಜೋತುಬಿದ್ದು ಎಲ್ಲ ಅಂಕಿಯೂ ಸುಳ್ಳಾಗುತ್ತದೆ. ಎತ್ತಲೇಬೇಕಾದರೆ ಸ್ಟ್ಯಾಂಡ್‌ಗಳನ್ನು ಆಕ್ಸಲ್ ಕೆಳಗೆ ಇಡಿ. ಔಟ್‌ಪುಟ್ ಯೋಕ್, ಶಾಫ್ಟಿನ ಕೊಳವೆ, ಪಿನಿಯನ್ ಯೋಕ್, ಈ ಮೂರು ಕಡೆ ಅಳೆಯಿರಿ. ಯಾವ ದಿಕ್ಕಿಗೆ ಇಳಿಜಾರು ಅನ್ನುವುದನ್ನು ಬಾಣ ಹಾಕಿ ಬರೆದುಕೊಳ್ಳಿ. ಒಂದೇ ದಿಕ್ಕಿದ್ದರೆ ಕಳೆಯಬೇಕು, ಎದುರು ದಿಕ್ಕಿದ್ದರೆ ಕೂಡಿಸಬೇಕು.

ಶಾಫ್ಟ್ ಪಕ್ಕಕ್ಕೂ ಓರೆಯಾಗಿದ್ದರೆ ಮೇಲಿನಿಂದ ನೋಡಿದ ಕೋನವೂ ಸೇರುತ್ತದೆ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆಯಿರಿ. ಪಕ್ಕದಿಂದ 4, ಮೇಲಿನಿಂದ 3 ಇದ್ದರೆ ನಿಜವಾದ ಕೋನ 5.

ನಡುಕ ನಿಜವಾಗಿ ಶಾಫ್ಟಿನದೇ?

ಲಿಫ್ಟ್ ಜೊತೆ ದೊಡ್ಡ ಟೈರ್ ಕೂಡ ಬಂದಿರುತ್ತದೆ, ಹಾಗಾಗಿ ಇದನ್ನು ಮೊದಲು ಬೇರ್ಪಡಿಸಬೇಕು. 0.8 ಮೀಟರ್ ವ್ಯಾಸದ ಟೈರ್ ಗಂಟೆಗೆ 80 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 9 ಸುತ್ತು ತಿರುಗುತ್ತದೆ. ಆಕ್ಸಲ್ ಅನುಪಾತ (ಚಕ್ರದ ಒಂದು ಸುತ್ತಿಗೆ ಶಾಫ್ಟ್ ತಿರುಗುವ ಸುತ್ತು) 4.10 ಇದ್ದರೆ ಶಾಫ್ಟ್ ಸೆಕೆಂಡಿಗೆ 36 ಸುತ್ತು. ಟೈರಿನ ದೋಷ ನಿಧಾನವಾದ ಕುಲುಕಾಟವಾಗಿ ಸ್ಟೀರಿಂಗ್‌ನಲ್ಲೋ ಸೀಟಿನಲ್ಲೋ ಬರುತ್ತದೆ. ಶಾಫ್ಟ್ ಬ್ಯಾಲೆನ್ಸ್ ಕೆಟ್ಟಿದ್ದರೆ 36ರ ಕಂಪನ. ಕೋನದ ದೋಷ ಸುತ್ತಿಗೆ ಎರಡು ಸಲ ಬರುವುದರಿಂದ 72. ಅದು ಗುಂಯ್ ಅನ್ನುವ ಸದ್ದಾಗಿ ನೆಲದ ತಗಡಿನಲ್ಲಿ ಕೇಳುತ್ತದೆ. ಫೋನಿನಲ್ಲಿ ಕಂಪನ ಅಳೆಯುವ ಆ್ಯಪ್ ಹಾಕಿಕೊಂಡರೆ ಈ ಅಂಕಿಗಳನ್ನು ಹೋಲಿಸಿ ನೋಡಬಹುದು.

ಆಕ್ಸಿಲರೇಟರ್ ಒತ್ತಿದಾಗ ಬಂದು, ಬಿಟ್ಟಾಗ ಹೋಗುವ ನಡುಕ ಕೋನದ ಕಡೆ ಬೆರಳು ತೋರಿಸುತ್ತದೆ. ಒತ್ತಿದರೂ ಬಿಟ್ಟರೂ ಅದೇ ವೇಗದಲ್ಲಿ ಬರುವುದು ಸಾಮಾನ್ಯವಾಗಿ ಬ್ಯಾಲೆನ್ಸ್. ಪಾರ್ಟ್-ಟೈಮ್ ಫೋರ್ ವೀಲ್ ಡ್ರೈವ್ ಆಗಿದ್ದರೆ ಮುಂದಿನ ಶಾಫ್ಟ್ ಬಿಚ್ಚಿಟ್ಟು ಟೂ ವೀಲ್‌ನಲ್ಲಿ ಓಡಿಸಿ ನೋಡಿ. ಲಾಕಿಂಗ್ ಹಬ್ (ಮುಂದಿನ ಚಕ್ರವನ್ನು ಆಕ್ಸಲ್‌ನಿಂದ ಬಿಡಿಸುವ ಭಾಗ) ಇಲ್ಲದ ಅನೇಕ ಗಾಡಿಗಳಲ್ಲಿ ಆ ಶಾಫ್ಟ್ ಟೂ ವೀಲ್‌ನಲ್ಲೂ ತಿರುಗುತ್ತಲೇ ಇರುತ್ತದೆ, ಹಾಗಾಗಿ ಅದನ್ನು ಬಿಚ್ಚದೆ ಹಿಂದಿನದರ ಮೇಲೆ ತಪ್ಪು ಹೊರಿಸಬಾರದು. ಹಿಂದಿನದು ಸ್ಲಿಪ್ ಯೋಕ್ (ತುದಿ ಟ್ರಾನ್ಸ್‌ಫರ್ ಕೇಸ್ ಒಳಗೆ ಜಾರುವ) ಬಗೆಯದಾಗಿದ್ದರೆ ಅದನ್ನು ಎಳೆದು ತೆಗೆದು ಓಡಿಸಬೇಡಿ, ಟ್ರಾನ್ಸ್‌ಫರ್ ಕೇಸ್ ಎಣ್ಣೆ ಹೊರಗೆ ಚೆಲ್ಲುತ್ತದೆ.

ತಿದ್ದುವ ದಾರಿಗಳು

ಲೀಫ್ ಸ್ಪ್ರಿಂಗ್‌ಗೆ ಓರೆ ಶಿಮ್. ಹಿಂದಿನ ಆಕ್ಸಲ್‌ನ ಮೂತಿ ಎತ್ತಬೇಕು ಅಂತಿಟ್ಟುಕೊಳ್ಳಿ. ಸ್ಪ್ರಿಂಗ್ ಆಕ್ಸಲ್ ಮೇಲೆ ಕೂತಿದ್ದರೆ ಶಿಮ್‌ನ ದಪ್ಪ ಭಾಗ ಹಿಂದಕ್ಕೆ, ಸ್ಪ್ರಿಂಗ್ ಆಕ್ಸಲ್ ಕೆಳಗಿದ್ದರೆ ದಪ್ಪ ಭಾಗ ಮುಂದಕ್ಕೆ ಬರಬೇಕು. ಅಲ್ಯೂಮಿನಿಯಂ ಶಿಮ್ ಹೊಡೆತಕ್ಕೆ ಒಡೆಯುತ್ತದೆ, ಉಕ್ಕಿನದೇ ಹಾಕಿ. ಕಾಯಿಲ್ ಸ್ಪ್ರಿಂಗ್ ಗಾಡಿಗೆ ಉದ್ದ ಹೊಂದಿಸಬಹುದಾದ ಕಂಟ್ರೋಲ್ ಆರ್ಮ್ ಬೇಕು.

ಟ್ರಾನ್ಸ್‌ಫರ್ ಕೇಸನ್ನು ಸ್ವಲ್ಪ ಕೆಳಗಿಳಿಸುವ ಕಿಟ್ ಅಗ್ಗದ ದಾರಿ. ಮೇಲಿನ ಜಾಯಿಂಟಿನ ಕೋನ ಕಡಿಮೆಯಾಗುತ್ತದೆ. ಆದರೆ ಹೊಟ್ಟೆಯ ಕೆಳಗಿನ ಜಾಗವೂ ಕಡಿಮೆಯಾಗುತ್ತದೆ. ಜಾಗ ಬೇಕು ಅಂತಲೇ ಗಾಡಿ ಎತ್ತಿದವರು ಅದನ್ನೇ ಬಿಟ್ಟುಕೊಡುವುದು ನನಗೆ ಸರಿ ಕಾಣುವುದಿಲ್ಲ. ಸಣ್ಣ ಲಿಫ್ಟಿಗೆ ತಾತ್ಕಾಲಿಕವಾಗಿ ಸಾಕು. ಚಿಕ್ಕ ವೀಲ್‌ಬೇಸ್‌ಗೆ ಗಟ್ಟಿ ಪರಿಹಾರ ಅಂದರೆ ಸ್ಲಿಪ್ ಯೋಕ್ ಎಲಿಮಿನೇಟರ್. ಔಟ್‌ಪುಟ್ ತುದಿ ಮೋಟಾಗುತ್ತದೆ, ಉಳಿದ ಜಾಗಕ್ಕೆ ಉದ್ದದ ಡಬಲ್ ಕಾರ್ಡನ್ ಶಾಫ್ಟ್ ಹಿಡಿಯುತ್ತದೆ. ಮೊದಲಿನ 600 ಮಿ.ಮೀ. ಶಾಫ್ಟ್ 700 ಆದರೆ 17 ಡಿಗ್ರಿ 14.5ಕ್ಕೆ ಇಳಿಯುತ್ತದೆ, ಅದೂ ಎರಡು ಕ್ರಾಸ್‌ಗಳ ನಡುವೆ ಹಂಚಿಹೋಗುತ್ತದೆ.

ಮುಂದಿನ ಆಕ್ಸಲ್‌ನಲ್ಲಿ ಒಂದು ಕಟ್ಟುಪಾಡಿದೆ. ಪಿನಿಯನ್ ಎತ್ತಿದರೆ ಇಡೀ ಹೌಸಿಂಗ್ ತಿರುಗಿ ಕ್ಯಾಸ್ಟರ್ (ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ. ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ, ಗಾಡಿ ಅಲೆದಾಡುತ್ತದೆ. ಎರಡೂ ಬೇಕೆಂದರೆ ಆಕ್ಸಲ್ ತುದಿಯ ಸ್ಟೀರಿಂಗ್ ನಕಲ್‌ಗಳನ್ನು (ಚಕ್ರ ತಿರುಗುವ ಕೀಲಿನ ಭಾಗ) ಕತ್ತರಿಸಿ ತಿರುಗಿಸಿ ಮತ್ತೆ ವೆಲ್ಡ್ ಮಾಡಬೇಕು. ಅಷ್ಟು ಕೆಲಸಕ್ಕೆ ಹೋಗದಿದ್ದರೆ ಕ್ಯಾಸ್ಟರ್‌ಗೇ ಮೊದಲ ಮಣೆ ಕೊಡಿ. ಶಾಫ್ಟ್ ನಡುಕ ಕಿರಿಕಿರಿ, ಕ್ಯಾಸ್ಟರ್ ಕೆಟ್ಟ ಗಾಡಿ ಅಪಾಯ.

ಶಾಫ್ಟ್ ಬಿಚ್ಚುವ ಮೊದಲು ಸ್ಪ್ಲೈನ್ (ಶಾಫ್ಟಿನ ಎರಡು ತುಂಡು ಒಂದರೊಳಗೊಂದು ಜಾರುವ ಹಲ್ಲಿನ ಜೋಡಣೆ) ಎರಡೂ ಕಡೆ ಬಣ್ಣದ ಗುರುತು ಹಾಕಿ. 16 ಹಲ್ಲಿನ ಸ್ಪ್ಲೈನ್ ಒಂದೇ ಒಂದು ಹಲ್ಲು ತಪ್ಪಿ ಕೂತರೆ ಫೇಸ್ 22.5 ಡಿಗ್ರಿ ತಪ್ಪುತ್ತದೆ. ಆಮೇಲೆ ಎಷ್ಟು ಶಿಮ್ ಹಾಕಿದರೂ ಉಪಯೋಗವಿಲ್ಲ.

ಕೋನ ಸರಿಯಾದ ಮೇಲೆ ಆಕ್ಸಲ್ ಪೂರ್ತಿ ಜೋತುಬೀಳುವಂತೆ ಬಿಟ್ಟು ಶಾಫ್ಟನ್ನು ಕೈಯಿಂದ ತಿರುಗಿಸಿ. ಯೋಕ್ ಎಲ್ಲಾದರೂ ತಾಗುತ್ತಿದ್ದರೆ ಲಿಮಿಟ್ ಸ್ಟ್ರ್ಯಾಪ್ (ಆಕ್ಸಲ್ ಹೆಚ್ಚು ಇಳಿಯದಂತೆ ತಡೆಯುವ ಪಟ್ಟಿ) ಬೇಕು. ಸ್ಪ್ಲೈನ್ ಒಳಗೆ ಇನ್ನೂ ಎಷ್ಟು ಹಿಡಿತ ಉಳಿದಿದೆ ಅನ್ನುವುದನ್ನೂ ಅಲ್ಲೇ ನೋಡಿ. ಪಿನಿಯನ್ ತುಂಬಾ ಎತ್ತಿದ್ದರೆ ಮುಂದಿನ ಪಿನಿಯನ್ ಬೇರಿಂಗ್‌ಗೆ ಎಣ್ಣೆ ತಲುಪುವುದು ಕಷ್ಟ. ಫಿಲ್ಲರ್ ರಂಧ್ರವೂ ತಿರುಗಿರುವುದರಿಂದ ಹಳೆಯ ಮಟ್ಟ ನಂಬಬೇಡಿ, ಸ್ವಲ್ಪ ಹೆಚ್ಚು ತುಂಬಿ. ಶಿಮ್ ಹಾಕಿದ್ದರೆ ಯು-ಬೋಲ್ಟ್‌ಗಳನ್ನು ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೆ ಟಾರ್ಕ್ ಮಾಡಿ, ಆಮೇಲೆ ಮೂರೂ ಕೋನಗಳನ್ನು ಇನ್ನೊಮ್ಮೆ ಅಳೆಯಿರಿ. ಹೊಸ ಸ್ಪ್ರಿಂಗ್ ಸ್ವಲ್ಪ ಕುಸಿದಿರುತ್ತದೆ, ಅಂಕಿಗಳೂ ಅದರ ಜೊತೆ ಬದಲಾಗಿರುತ್ತವೆ.