ಸಹಾಯ ಕೇಳಿದರೆ ಮಗುವನ್ನು ವಾಪಸ್ ಕರ್ಕೊಂಡು ಹೋಗ್ತಾರಾ?

ಪ್ರಶ್ನೆ: ನಮ್ಮದು ಹೊಸನಗರ ತಾಲೂಕಿನ ಹಳ್ಳಿ. ನನ್ನ ತಂಗಿ, ಅವಳ ಗಂಡ ಇಬ್ಬರೂ ಈಗ ಇಲ್ಲ. ಅವರ ಮಗಳು ಕೆಲವು ತಿಂಗಳು ಶಿವಮೊಗ್ಗದಲ್ಲಿ ಬಾಲಮಂದಿರದಲ್ಲಿದ್ದಳು. ಈಗ ನಮ್ಮ ಮನೆಗೆ ಕರ್ಕೊಂಡು ಬಂದಿದ್ದೇವೆ. ಒಂಬತ್ತು ವರ್ಷ. ರೊಟ್ಟಿ, ಬಿಸ್ಕತ್ತು ತಗೊಂಡು ಹೋಗಿ ಹಾಸಿಗೆ ಕೆಳಗೆ ಬಚ್ಚಿಡ್ತಾಳೆ. ರಾತ್ರಿ ಸರಿಯಾಗಿ ಮಲಗಲ್ಲ. ನಮಗೂ ಇಬ್ಬರು ಮಕ್ಕಳಿದ್ದಾರೆ, ಖರ್ಚು ಕಷ್ಟ ಆಗ್ತಿದೆ. ಸರ್ಕಾರದ ಸಹಾಯ ಸಿಗುತ್ತದಾ? ಕೇಳೋಕೆ ಹೋದರೆ ‘ನಿಮ್ಮ ಕೈಲಿ ಆಗಲ್ಲ’ ಅಂತ ಮಗುವನ್ನು ವಾಪಸ್ ಕರ್ಕೊಂಡು ಹೋಗ್ತಾರಾ?

ಉತ್ತರ: ಇಲ್ಲ, ಸಹಾಯ ಕೇಳಿದ ಕಾರಣಕ್ಕೆ ಮಗುವನ್ನು ಕರೆದುಕೊಂಡು ಹೋಗುವುದಿಲ್ಲ. ಈ ಹೆದರಿಕೆ ನಿಮ್ಮೊಬ್ಬರದಲ್ಲ. ಅಜ್ಜಿ, ಸೋದರಮಾವ, ಚಿಕ್ಕಪ್ಪ ಹೀಗೆ ಮಕ್ಕಳನ್ನು ಸಾಕುತ್ತಿರುವ ಎಷ್ಟೋ ಜನ ಇದೇ ಭಯಕ್ಕೆ ಬಾಯಿ ಮುಚ್ಚಿಕೊಂಡು ಕಷ್ಟಪಡುತ್ತಾರೆ. ದತ್ತು ತೆಗೆದುಕೊಂಡವರೂ ಅಷ್ಟೇ.

2015ರ ಬಾಲನ್ಯಾಯ ಕಾಯ್ದೆ ಹೇಳುವುದು ಸ್ಪಷ್ಟವಾಗಿದೆ. ಮಗು ಬೆಳೆಯಬೇಕಾದ್ದು ಕುಟುಂಬದಲ್ಲಿ. ಬಾಲಮಂದಿರ, ಅನಾಥಾಲಯ ಎಲ್ಲ ಬೇರೆ ದಾರಿಯೇ ಇಲ್ಲ ಅನ್ನುವಾಗ ಮಾತ್ರ. ಇಂಥ ಮಕ್ಕಳು ಎಲ್ಲಿರಬೇಕು ಅಂತ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿ ಕೂಡ ಇದೇ ಲೆಕ್ಕದಲ್ಲಿ ಯೋಚಿಸಬೇಕು. ಮಗುವಿಗೆ ಹೊಡೆತ ಬೀಳುತ್ತಿದೆ, ಶಾಲೆ ಬಿಡಿಸಿ ಅಡಿಕೆ ಸುಲಿಯೋಕೆ ಕೂರಿಸಿದ್ದಾರೆ ಅಂತ ಗೊತ್ತಾದರೆ ಸಮಿತಿ ಮಧ್ಯೆ ಬರುತ್ತದೆ, ಬರಲೇಬೇಕು. ದುಡ್ಡು ಸಾಲ್ತಿಲ್ಲ, ಮಗು ರಾತ್ರಿ ಮಲಗ್ತಿಲ್ಲ ಅನ್ನುವುದು ತಪ್ಪೊಪ್ಪಿಗೆ ಅಲ್ಲ. ಅದನ್ನು ಹೇಳಿಕೊಳ್ಳಲೆಂದೇ ಆ ಕಚೇರಿ ಇರುವುದು.

ಮೊದಲು ಒಂದು ಕಾಗದ ನೋಡಿಕೊಳ್ಳಿ. ಬಾಲಮಂದಿರದಿಂದ ಮಗುವನ್ನು ನಿಮ್ಮ ವಶಕ್ಕೆ ಕೊಡುವಾಗ ಮಕ್ಕಳ ಕಲ್ಯಾಣ ಸಮಿತಿ ಆದೇಶ ಮಾಡಿರುತ್ತದೆ. ಅದರ ಪ್ರತಿ ನಿಮ್ಮ ಹತ್ತಿರ ಇದೆಯಾ? ಇಲ್ಲದಿದ್ದರೆ ಕೇಳಿ ಪಡೆಯಿರಿ. ಶಾಲೆ, ಆಸ್ಪತ್ರೆ, ಬ್ಯಾಂಕು ಎಲ್ಲಿ ಹೋದರೂ ‘ನೀವು ಮಗುವಿಗೆ ಏನಾಗಬೇಕು’ ಅಂತ ಕೇಳುತ್ತಾರೆ. ಹಳೇ ಶಾಲೆಯ ವರ್ಗಾವಣೆ ಪತ್ರ ಇಲ್ಲ ಅಂತ ಶಾಲೆಗೆ ಸೇರಿಸಿಕೊಳ್ಳದೆ ಇರುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಅದು ಬರೆದಿದೆ.

ಇನ್ನು ಹಣದ ವಿಷಯ. ಮಕ್ಕಳ ರಕ್ಷಣೆಗೆ ಕೇಂದ್ರ ಸರ್ಕಾರ ಮಾಡಿರುವ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅನ್ನುವ ಯೋಜನೆ ಇದೆ, ಅಂದರೆ ಮಗುವನ್ನು ಸಾಕಲು ತಿಂಗಳು ತಿಂಗಳು ಕೊಡುವ ಹಣ. ತಂದೆ ತಾಯಿ ಇಲ್ಲದೆ ಸಂಬಂಧಿಕರ ಮನೆಯಲ್ಲಿ ಬೆಳೆಯುವ ಮಕ್ಕಳು ಅದರಲ್ಲಿ ಬರುತ್ತಾರೆ. ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಮಾರ್ಗಸೂಚಿಯ ಪ್ರಕಾರ ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಾದರೆ 72,000, ಬೇರೆ ಕಡೆ 96,000 ರೂಪಾಯಿ ದಾಟಬಾರದು. ಈ ಮಿತಿ ತುಂಬಾ ಕಡಿಮೆ ಅಂತ ನನ್ನ ಅಭಿಪ್ರಾಯ. ಹಾಗಂತ ನೀವೇ ‘ನಮಗೆ ಸಿಗಲ್ಲ’ ಅಂತ ತೀರ್ಮಾನ ಮಾಡಬೇಡಿ. ಶಿವಮೊಗ್ಗದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಡಿ. ತಂಗಿ ಮತ್ತು ಅವಳ ಗಂಡನ ಮರಣ ಪತ್ರ, ಮಗುವಿನ ಆಧಾರ್, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಮಗುವಿನ ಹೆಸರಿರುವ ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ಘಟಕದವರು ಮನೆಗೆ ಬಂದು ವಿಚಾರಿಸುತ್ತಾರೆ. ಬಂದವರಿಗೆ ಬರೀ ಚೆಂದದ ಮಾತು ಹೇಳಿ ಕಾಫಿ ಕೊಟ್ಟು ಕಳಿಸಬೇಡಿ. ಇದ್ದ ಕಷ್ಟ ಇದ್ದ ಹಾಗೆ ಹೇಳಿ.

ನೀವು ಬರೆಯದ ಒಂದು ವಿಷಯವನ್ನೂ ಹೇಳಬೇಕು. ಮಗುವಿನ ಅಪ್ಪನ ಹೆಸರಲ್ಲಿ ಗದ್ದೆಯೋ ತೋಟವೋ ಇತ್ತಾ? ನಮ್ಮ ಕಡೆ ಅರ್ಧ ಜಗಳ ಅಲ್ಲೇ ಹುಟ್ಟುವುದು, ಅಲ್ವಾ. ಪಹಣಿ ತೆಗೆಸಿ ನೋಡಿ, ಪೌತಿ ಖಾತೆ (ತೀರಿಕೊಂಡವರ ಜಮೀನಿನ ಖಾತೆ ವಾರಸುದಾರರ ಹೆಸರಿಗೆ) ಆಗುವಾಗ ಅವಳ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳಿ. ಸಾಕುತ್ತಿದ್ದೇವೆ ಅನ್ನುವ ಕಾರಣಕ್ಕೆ ಅವಳ ಪಾಲನ್ನು ನೀವಾಗಲಿ, ಅವಳ ಚಿಕ್ಕಪ್ಪನಾಗಲಿ ಮಾರುವ ಹಾಗಿಲ್ಲ, ಅಡ ಇಡುವ ಹಾಗೂ ಇಲ್ಲ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವ ಕಾಯ್ದೆ ಅದನ್ನು ತಡೆಯುತ್ತದೆ.

ದತ್ತು ತಗೋಬೇಕಾ ಅಂದರೆ, ಅವಸರ ಇಲ್ಲ. ದತ್ತು ಆಗದೆಯೂ ಪ್ರಾಯೋಜಕತ್ವ ಸಿಗುತ್ತದೆ. ಮುಂದೆ ಬೇಕು ಅನ್ನಿಸಿದರೆ ತಾಯಿಯ ಅಕ್ಕನಾಗಿ ನಿಮಗೆ ಸಂಬಂಧಿಕರ ದತ್ತು ಅನ್ನುವ ದಾರಿ ಇದೆ. ಇಬ್ಬರು ಮಕ್ಕಳಿರುವುದು ಅದಕ್ಕೆ ಅಡ್ಡಿಯಲ್ಲ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವುದು ಕೋರ್ಟ್ ಅಲ್ಲ, ಜಿಲ್ಲಾಧಿಕಾರಿ. ಐದು ವರ್ಷ ದಾಟಿದ ಮಗುವಿನ ಒಪ್ಪಿಗೆಯೂ ಬೇಕು. ಅಂದರೆ ನಿಮ್ಮ ಹುಡುಗಿಯನ್ನು ಕೇಳಲೇಬೇಕು. ದತ್ತು ಆದ ಮೇಲೂ ಅವಳಿಗೆ ಮೊದಲೇ ಸೇರಿದ ಆಸ್ತಿ ಅವಳದ್ದೇ.

ಈಗ ಹಾಸಿಗೆ ಕೆಳಗಿನ ರೊಟ್ಟಿ. ಅದನ್ನು ಕಳ್ಳತನ ಅನ್ನಬೇಡಿ. ಅಪ್ಪ ಹೋದ, ಅಮ್ಮ ಹೋದಳು, ಮನೆ ಬದಲಾಯಿತು, ಮತ್ತೆ ಬದಲಾಯಿತು. ನಾಳೆ ಊಟ ಇರುತ್ತದೆ ಅಂತ ಆ ಮಗು ಹೇಗೆ ನಂಬಬೇಕು? ಒಂದು ಡಬ್ಬಿ ಅವಳಿಗೇ ಅಂತ ಕೊಡಿ. ಹುರಿಗಡಲೆ, ಚಿಕ್ಕಿ, ಬಿಸ್ಕತ್ತು ತುಂಬಿಸಿ ಅವಳ ಕೈಗೆ ಸಿಗುವ ಕಡೆ ಇಡಿ. ಯಾವಾಗ ತೆಗೆದರೂ ಕೇಳಬೇಡಿ, ಖಾಲಿಯಾದರೆ ಸುಮ್ನೆ ತುಂಬಿಸಿ. ಹಾಸಿಗೆ ಕೆಳಗೆ ಮತ್ತೆ ಸಿಕ್ಕಿದರೆ ಇರುವೆ ಬಾರದ ಹಾಗೆ ಒರೆಸಿ, ಅಷ್ಟೇ. ನೆಂಟರ ಎದುರು ಆ ಮಾತು ಎತ್ತಲೇಬೇಡಿ. ನಿಮ್ಮ ಮಕ್ಕಳಿಗೂ ಒಂದೊಂದು ಡಬ್ಬಿ ಕೊಟ್ಟರೆ ‘ಅವಳಿಗೆ ಮಾತ್ರ ಯಾಕೆ’ ಅನ್ನುವುದು ಕಡಿಮೆಯಾಗುತ್ತದೆ.

ನಿದ್ದೆಯ ವಿಷಯದಲ್ಲಿ ಅವಳ ಜಾಗದಲ್ಲಿ ನಿಂತು ನೋಡಿ. ಬಾಲಮಂದಿರದಲ್ಲಿ ಅಕ್ಕಪಕ್ಕ ಮಕ್ಕಳು ಮಲಗಿರುತ್ತಾರೆ, ಹೊರಗೆ ಬೀದಿ ದೀಪ. ನಿಮ್ಮದು ತೋಟದ ನಡುವಿನ ಒಂಟಿ ಮನೆಯಾಗಿದ್ದರೆ ಕತ್ತಲೆ ಅಂದರೆ ಕತ್ತಲೆ. ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ಮೂರು ದಿನ ಬರದೆ ಇರುವುದೂ ಉಂಟು. ನಮಗೆ ರೂಢಿಯಾದ ಹೆಂಚಿನ ಮೇಲಿನ ಮಳೆ ಸದ್ದು ಅವಳಿಗೆ ಹೊಸದು. ಬೇರೆ ಕೋಣೆಯಲ್ಲಿ ಮಲಗಿಸಬೇಡಿ, ನಿಮ್ಮ ಪಕ್ಕವೇ ಹಾಸಿಗೆ ಹಾಕಿ. ಕೈಗೆ ಒಂದು ಟಾರ್ಚ್ ಕೊಡಿ. ಹೊರಗೆ ಹೋಗುವಾಗ ಎಲ್ಲಿಗೆ, ಎಷ್ಟು ಹೊತ್ತಿಗೆ ಬರ್ತೀರಿ ಅಂತ ಹೇಳಿ ಹೋಗಿ, ಅಷ್ಟು ಹೊತ್ತಿಗೇ ಬನ್ನಿ. ಅಮ್ಮನ ಮಾತು ಬಂದಾಗ ಬೇರೆ ವಿಷಯಕ್ಕೆ ಹಾರಬೇಡಿ. ಫೋಟೋ ಇದ್ದರೆ ಅವಳಿಗೆ ಕಾಣುವ ಕಡೆ ಇಡಿ.

ತಿಂಗಳುಗಟ್ಟಲೆ ಹೀಗೇ ಇದ್ದರೆ, ಮಾತೇ ಬಿಟ್ಟರೆ, ತನಗೆ ತಾನೇ ನೋವು ಮಾಡಿಕೊಂಡರೆ ಕಾಯಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತಲೂ ವಿಚಾರಿಸಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ದುಡ್ಡು ಬೇಡ. ಆ ನಂಬರು ನಿಮಗೂ ಹೌದು. ನೀವು ಕಳೆದುಕೊಂಡದ್ದು ಒಡಹುಟ್ಟಿದ ತಂಗಿಯನ್ನು. ಅಳೋಕೂ ಪುರುಸೊತ್ತಿಲ್ಲದೆ ಮಗುವನ್ನು ಎತ್ತಿಕೊಂಡಿದ್ದೀರಿ. ‘ಪುಣ್ಯದ ಕೆಲಸ’ ಅನ್ನುವ ನೆಂಟರಿಗೆ ನೇರವಾಗಿ ಕೇಳಿ: ವಾರಕ್ಕೆ ಒಂದು ಮಧ್ಯಾಹ್ನ ಬಂದು ಮನೆಯಲ್ಲಿ ಇರ್ತೀರಾ ಅಂತ. ಅವರು ಮಾಡಬಹುದಾದ ದೊಡ್ಡ ಉಪಕಾರ ಅದು.

ಶಿವಮೊಗ್ಗಕ್ಕೆ ಹೊರಡುವ ಮೊದಲು ಸಮಿತಿ ಕೂರುವ ದಿನ ಯಾವುದು ಅಂತ ಘಟಕಕ್ಕೆ ಫೋನ್ ಮಾಡಿ ತಿಳಿದುಕೊಳ್ಳಿ. ನಂಬರು ಸಿಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಪಡೆಯಿರಿ. ಮಗು ಬರಲೇಬೇಕಾ ಅಂತಲೂ ಮೊದಲೇ ಕೇಳಿ. ಬರಬೇಕು ಅಂದರೆ ಹಿಂದಿನ ದಿನವೇ ಅವಳಿಗೆ ಬಿಡಿಸಿ ಹೇಳಿ: ಕಾಗದ ಕೊಡೋಕೆ ಹೋಗ್ತಿದ್ದೇವೆ, ಸಂಜೆ ಬಸ್ಸಿಗೆ ಇಬ್ಬರೂ ಮನೆಗೆ ಬರ್ತೀವಿ. ಶಿವಮೊಗ್ಗ ಅಂದ ತಕ್ಷಣ ಅವಳಿಗೆ ಬಾಲಮಂದಿರದ ಗೇಟೇ ನೆನಪಾಗಬಹುದು.