ಸತ್ತಂತೆ ಬಿದ್ದ ಪ್ರಾಣಿಯ ಒಳಗೆ ಏನು ನಡೆಯುತ್ತಿರುತ್ತದೆ?

ಕೋಳಿಯನ್ನು ಹಿಡಿದು, ಮಗ್ಗುಲಾಗಿ ನೆಲಕ್ಕೆ ಮೆಲ್ಲಗೆ ಒತ್ತಿಟ್ಟು, ಸ್ವಲ್ಪ ಹೊತ್ತಾದ ಮೇಲೆ ಕೈ ತೆಗೆದರೆ ಅದು ಎದ್ದು ಓಡುವುದಿಲ್ಲ. ಹಾಗೇ ಬಿದ್ದಿರುತ್ತದೆ. ಕೆಲವೊಮ್ಮೆ ಹಲವು ನಿಮಿಷ. ಅಥನೇಸಿಯಸ್ ಕಿರ್ಷರ್ ಎಂಬ ಜೆಸ್ಯೂಟ್ ಪಾದ್ರಿ 1646ರಲ್ಲೇ ಇದನ್ನು ಬರೆದಿಟ್ಟರು. ಅವರು ಕೋಳಿಯ ಕಾಲು ಕಟ್ಟಿ, ಕಣ್ಣೆದುರು ಸೀಮೆಸುಣ್ಣದ ಗೆರೆ ಎಳೆದಿದ್ದರು. ದಾರ ಬಿಚ್ಚಿದ ಮೇಲೂ ಆ ಗೆರೆಯನ್ನೇ ದಾರ ಅಂದುಕೊಂಡು ಕೋಳಿ ಸುಮ್ಮನಿರುತ್ತದೆ ಎಂಬುದು ಅವರ ವಿವರಣೆ. ಗೆರೆ ಇಲ್ಲದಿದ್ದರೂ ಕೋಳಿ ಹಾಗೇ ಬೀಳುತ್ತದೆ ಅಂತ ಆಮೇಲೆ ಗೊತ್ತಾಯಿತು. ಬಿಡಿಸಿಕೊಳ್ಳಲು ಆಗದಂತೆ ಯಾರೋ ಹಿಡಿದಿದ್ದರಲ್ಲ, ಅದೇ ಕಾರಣ.

ಈಗ ಇದನ್ನು ಟಾನಿಕ್ ಇಮೊಬಿಲಿಟಿ ಎನ್ನುತ್ತಾರೆ. ನರಕ್ಕೆ, ಸ್ನಾಯುವಿಗೆ ಯಾವ ಪೆಟ್ಟೂ ಆಗಿರುವುದಿಲ್ಲ. ಅಲುಗಾಡದಂತೆ ಮಿದುಳೇ ತಡೆದಿರುತ್ತದೆ, ತಾನೇ ಬಿಡುತ್ತದೆ.

ಅಪಾಯ ಎಷ್ಟು ಹತ್ತಿರವಿದೆ ಎಂಬುದರ ಮೇಲೆ ಪ್ರಾಣಿಯ ವರ್ತನೆ ಬದಲಾಗುತ್ತದೆ. ಬೇಟೆಗಾರ ದೂರದಲ್ಲಿದ್ದರೆ ಅದು ನಿಂತಲ್ಲೇ ಸ್ತಬ್ಧವಾಗುತ್ತದೆ. ಹತ್ತಿರ ಬಂದರೆ ಓಡುತ್ತದೆ. ಸಿಕ್ಕಿಬಿದ್ದರೆ ಒದ್ದಾಡುತ್ತದೆ. ಒದ್ದಾಟವೂ ಫಲಿಸದಿದ್ದಾಗ ಕೊನೆಗೆ ಈ ನಿಶ್ಚಲತೆ. ಮೊದಲ ಮತ್ತು ಕೊನೆಯ ಹಂತಗಳನ್ನು ನಾವು ಸುಲಭವಾಗಿ ಬೆರೆಸಿಬಿಡುತ್ತೇವೆ. ಸ್ತಬ್ಧವಾಗಿ ನಿಂತ ಜಿಂಕೆ ಯಾವ ಕ್ಷಣದಲ್ಲಾದರೂ ಜಿಗಿಯಬಲ್ಲದು. ಸಿಕ್ಕಿಬಿದ್ದು ನಿಶ್ಚಲವಾದ ಪ್ರಾಣಿಯನ್ನು ತಿವಿದರೂ ಅದು ಕದಲದೇ ಇರಬಹುದು. ಈ ಎಲ್ಲ ಹಂತಗಳಲ್ಲೂ ಪೆರಿಅಕ್ವಿಡಕ್ಟಲ್ ಗ್ರೇ ಎಂಬ ನಡುಮಿದುಳಿನ ಭಾಗಕ್ಕೆ ದೊಡ್ಡ ಪಾತ್ರವಿದೆ.

ಹಾಗಾದರೆ ಬಿದ್ದ ಪ್ರಾಣಿಗೆ ಪ್ರಜ್ಞೆ ತಪ್ಪಿರುತ್ತದೆಯೇ? ನನಗೆ ಇಡೀ ವಿಷಯದಲ್ಲಿ ಬಹಳ ಮುಖ್ಯ ಅನಿಸಿದ್ದು ಈ ಪ್ರಶ್ನೆಯೇ. 1970ರ ದಶಕದಲ್ಲಿ ಮನೋವಿಜ್ಞಾನಿ ಗಾರ್ಡನ್ ಗ್ಯಾಲಪ್ ಮತ್ತು ಜೊತೆಗಾರರು ಕೋಳಿಗಳ ಮೇಲೆ ಸರಣಿ ಪ್ರಯೋಗ ನಡೆಸಿದರು. ಒಳಗೆ ತುಂಬಿಸಿ ಜೀವಂತದಂತೆ ನಿಲ್ಲಿಸಿದ ಸತ್ತ ಗಿಡುಗವನ್ನೋ, ಬರೀ ಕೃತಕ ಕಣ್ಣುಗಳನ್ನೋ ಎದುರಿಗೆ ಇಟ್ಟಾಗ ಕೋಳಿಗಳು ಇನ್ನೂ ಜಾಸ್ತಿ ಹೊತ್ತು ಬಿದ್ದಿದ್ದವು. ಅಂದರೆ ಅವು ನೋಡುತ್ತಿದ್ದವು. ಅಮೆರಿಕದ ಹಾಗ್‌ನೋಸ್ ಹಾವಿನ ಮರಿ ಅಂಗಾತ ಬಿದ್ದು, ಬಾಯಿ ತೆರೆದು, ನಾಲಿಗೆ ಹೊರಹಾಕಿ ಸತ್ತಂತೆ ಕಾಣುತ್ತದೆ. ಗಾರ್ಡನ್ ಬರ್ಗ್‌ಹಾರ್ಟ್ ಮತ್ತು ಹ್ಯಾರಿ ಗ್ರೀನ್ 1988ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಕ್ಕದಲ್ಲಿರುವ ಮನುಷ್ಯ ಅದನ್ನೇ ನೆಟ್ಟ ಕಣ್ಣಿನಿಂದ ನೋಡುತ್ತಿದ್ದರೆ ಮರಿ ಏಳುವುದು ತಡ, ನೋಟ ಬೇರೆ ಕಡೆ ಹೊರಳಿಸಿದರೆ ಬೇಗ. ಎಷ್ಟು ಸೂಕ್ಷ್ಮ ಎಚ್ಚರ ನೋಡಿ!

ಸತ್ತಂತೆ ಬಿದ್ದರೆ ಲಾಭವೇನು? ಅಮೆರಿಕದ ಅಲನ್ ಸಾರ್ಜೆಂಟ್ ಮತ್ತು ಲೆಸ್ಟರ್ ಎಬರ್‌ಹಾರ್ಟ್ 1975ರಲ್ಲಿ ಪ್ರಕಟಿಸಿದ ಪ್ರಯೋಗ ಚೆನ್ನಾಗಿ ನೆನಪಿಡಿ. ಸಾಕಿದ ಕೆಂಪು ನರಿಗಳ ಬಾಯಿಗೆ ಸಿಕ್ಕ 50 ಬಾತುಕೋಳಿಗಳಲ್ಲಿ 29 ಮೊದಲ ಹಿಡಿತದಿಂದ ಬದುಕಿ ಉಳಿದವು. ಬಾತು ಒದ್ದಾಡದಿದ್ದರೆ ನರಿ ಅದನ್ನು ಜೀವಂತವಾಗಿಯೇ ಬೇರೆಡೆಗೆ ಒಯ್ಯುತ್ತದೆ, ಹಿಡಿತ ಸಡಿಲವಾಗುತ್ತದೆ. ಅದೇ ತಪ್ಪಿಸಿಕೊಳ್ಳುವ ಸಮಯ. ಆದರೆ ಅನುಭವವಾದ ಕೆಲವು ನರಿಗಳು ಹಿಡಿದ ಕೂಡಲೇ ಕೊಲ್ಲುವುದನ್ನು ಕಲಿತವು. ಹೀಗಾಗಿ ಇದು ಪೂರ್ತಿ ರಕ್ಷಣೆ ಅಲ್ಲ, ಕೊನೆಯ ಒಂದು ಅವಕಾಶ ಅಷ್ಟೇ.

ಈ ಗುಣ ವಂಶಪಾರಂಪರ್ಯವಾಗಿಯೂ ಬರುತ್ತದೆ. ಹಿಟ್ಟಿನಲ್ಲಿ ಬೆಳೆಯುವ ಕೆಂಪು ಜೀರುಂಡೆಗಳನ್ನು ಜಪಾನಿನ ತಕಾಹಿಸಾ ಮಿಯಾತಾಕೆ ತಂಡ ಎರಡು ತಳಿಗಳಾಗಿ ಬೆಳೆಸಿತು. ಒಂದು ಹೆಚ್ಚು ಹೊತ್ತು ಬಿದ್ದಿರುವಂಥದ್ದು, ಇನ್ನೊಂದು ಕಡಿಮೆ ಹೊತ್ತು. ಜಿಗಿದು ಬೇಟೆಯಾಡುವ ಜೇಡವನ್ನು ಎದುರಿಸಿದಾಗ ಮೊದಲನೆಯ ತಳಿಯೇ ಹೆಚ್ಚು ಉಳಿಯಿತು (2004). ಅವುಗಳ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಕಡಿಮೆ ಎಂದೂ ಆಮೇಲೆ ಕಂಡುಬಂತು.

ಶಾರ್ಕ್‌ಗಳಲ್ಲೂ ಇದಿದೆ, ಎಲ್ಲ ಜಾತಿಗಳಲ್ಲಿ ಅಲ್ಲ. ಲೆಮನ್ ಶಾರ್ಕನ್ನು ಹೊಟ್ಟೆ ಮೇಲೆ ಮಾಡಿ ಹಿಡಿದರೆ ಒಂದು ನಿಮಿಷದೊಳಗೆ ಸುಮ್ಮನಾಗುತ್ತದೆ. ಸಂಶೋಧಕರು ಅಳತೆ ಮಾಡಲು, ಟ್ಯಾಗ್ ಹಾಕಲು ಇದನ್ನೇ ಬಳಸುತ್ತಾರೆ.

ಇನ್ನು ಗೊಂದಲ ಮಾಡುವ ಒಂದು ಉದಾಹರಣೆ, 'ಮೂರ್ಛೆ ಹೋಗುವ ಮೇಕೆ'. ಟೆನೆಸಿಯ ಈ ಮೇಕೆಗಳು ಬೆಚ್ಚಿದಾಗ ಕಾಲು ಸೆಟೆದು ಬೀಳುತ್ತವೆ. ಅವುಗಳ ಸ್ನಾಯುಕೋಶದ ಕ್ಲೋರೈಡ್ ವಾಹಿನಿಯಲ್ಲಿ, ಅಂದರೆ ಕ್ಲೋರೈಡ್ ಕಣಗಳು ಹಾದುಹೋಗುವ ದಾರಿಯಲ್ಲಿ, ಹುಟ್ಟಿನಿಂದಲೇ ದೋಷವಿದೆ. ಸ್ನಾಯು ಬಿಗಿದರೆ ಬೇಗ ಸಡಿಲವಾಗುವುದಿಲ್ಲ. ಇದು ಮಿದುಳು ಹೂಡುವ ರಕ್ಷಣೆಯಲ್ಲ, ಸ್ನಾಯುವಿನ ಕಾಯಿಲೆ.

ಮೊಲ ಸಾಕುವವರಿಗೆ ಒಂದು ಮಾತು ಹೇಳಲೇಬೇಕು. ಮೊಲವನ್ನು ಅಂಗಾತ ಮಲಗಿಸಿದರೆ ಅದು ಮಿಸುಕದೆ ಇರುತ್ತದೆ, ಹಾಯಾಗಿದೆ ಅಂತ ವಿಡಿಯೋಗಳಲ್ಲಿ ತೋರಿಸುತ್ತಾರೆ. ಆದರೆ ಆಗ ಅದರಲ್ಲಿ ಕಾಣುವುದು ಭಯ ಮತ್ತು ಒತ್ತಡದ ಲಕ್ಷಣಗಳೇ. ತಾನು ಬೇಟೆಗಾರನ ಹಿಡಿತದಲ್ಲಿದ್ದೇನೆ ಎಂಬಂತೆ ಅದರ ದೇಹ ವರ್ತಿಸುತ್ತಿರುತ್ತದೆ. ಮೋಜಿಗೆ ಹಾಗೆ ಮಾಡಲೇಬೇಡಿ.

ಮನುಷ್ಯರೂ ಈ ಪಟ್ಟಿಯಿಂದ ಹೊರಗಿಲ್ಲ. ಸ್ಟಾಕ್‌ಹೋಮ್‌ನ ತುರ್ತು ಚಿಕಿತ್ಸಾ ಕೇಂದ್ರಕ್ಕೆ ಅತ್ಯಾಚಾರದ ನಂತರ ಬಂದ 298 ಮಹಿಳೆಯರ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 70ರಷ್ಟು ಜನ ಆ ಹೊತ್ತಿನಲ್ಲಿ ಗಣನೀಯ ಮಟ್ಟದ ನಿಶ್ಚಲತೆ ಅನುಭವಿಸಿದ್ದರು, ಶೇ. 48ರಷ್ಟು ಜನ ತೀವ್ರವಾಗಿ. ಕೂಗಬೇಕು ಅಂದರೂ ದನಿ ಬರುವುದಿಲ್ಲ, ಕೈಕಾಲು ಆಡುವುದಿಲ್ಲ. 'ಯಾಕೆ ತಡೆಯಲಿಲ್ಲ' ಎಂಬ ಪ್ರಶ್ನೆಯನ್ನು ಪೊಲೀಸರು, ವಕೀಲರು, ಮನೆಯವರು ಇಂದಿಗೂ ಕೇಳುತ್ತಾರೆ, ಅಲ್ವಾ? ಆರು ತಿಂಗಳ ನಂತರ ನೋಡಿದಾಗ, ಹೀಗೆ ನಿಶ್ಚಲರಾಗಿದ್ದವರಲ್ಲೇ ಆಘಾತೋತ್ತರ ಒತ್ತಡದ ಕಾಯಿಲೆ ಮತ್ತು ತೀವ್ರ ಖಿನ್ನತೆ ಜಾಸ್ತಿ ಇತ್ತು.